ಅಪ್‌ಡೇಟ್: 23ನೇ ದಿನ ಕೋಳಿಮರಿಗಳು ಬಂದವು!

ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಲ್ಲಿ (ಇನ್‌ಕ್ಯುಬೇಟರ್) 12 ಕೋಳಿಮೊಟ್ಟೆ ಇಟ್ಟಿದ್ದೆ. ಮರಿ ಬರಬೇಕಾದ 21ನೇ ದಿನ ದಾಟಿದರೂ ಒಂದು ಮೊಟ್ಟೆಯೂ ಬಿರುಕು ಬಿಟ್ಟಿಲ್ಲ, ಎಸೆದುಬಿಡಲಾ ಅಂತ ಕೇಳಿದ್ದೆನಲ್ಲ? ಸದ್ಯ, ಎಸೆಯಲಿಲ್ಲ! ಜ್ವರ ನೋಡುವ ಥರ್ಮಾಮೀಟರ್ ಒಳಗಿಟ್ಟು ನೋಡಿ ಅಂದವರಿಗೆ ದೊಡ್ಡ ನಮಸ್ಕಾರ. ಇನ್‌ಕ್ಯುಬೇಟರ್ 37.5 ಡಿಗ್ರಿ ತೋರಿಸುತ್ತಿತ್ತು, ನಿಜವಾಗಿ ಇದ್ದದ್ದು 36.8. ಶಾಖ ಕಮ್ಮಿಯಾದರೆ ಮರಿ ಬರೋದು ತಡವಾಗುತ್ತಂತೆ. ಸರಿಮಾಡಿದೆ. 12ರಲ್ಲಿ 7 ಮರಿ ಬಂದವು.

ಮೊಟ್ಟೆಯನ್ನು ನೀರಲ್ಲಿ ತೇಲಿಬಿಟ್ಟು, ಅದು ಅಲುಗಾಡಿದರೆ ಒಳಗೆ ಮರಿ ಬದುಕಿದೆ ಅನ್ನುವ ಉಪಾಯ ಮಾತ್ರ ನಂಬಬೇಡಿ. ಅಲುಗಾಡದೆ ಸುಮ್ಮನಿದ್ದ ಮೊಟ್ಟೆಯಿಂದಲೂ ಮರಿ ಬಂತು.

ಗೊತ್ತಿಲ್ಲದಿದ್ದದ್ದು ಇನ್ನೊಂದು: ಚಿಪ್ಪಿಗೆ ತೂತು ಮಾಡಿದ ಮೇಲೂ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತೆ. ಒಂದಕ್ಕಂತೂ 18 ಗಂಟೆ ಹಿಡಿಯಿತು. ಆ ಹೊತ್ತಲ್ಲಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಂತೆ. ಮುಚ್ಚಳ ತೆಗೆಯದೆ ಕೂತಿರೋದೇ ನನಗೆ ಕಷ್ಟವಾಗಿದ್ದು.