ಸಹಾಯ ಬೇಕು: 12 ಮೊಟ್ಟೆ ಹಾಕಿದರೆ ಬುರ್ಜಿ ನೀರು ಬಿಡುತ್ತಿದೆ

ನಾಲ್ಕು ಮೊಟ್ಟೆಯ ಬುರ್ಜಿ ಮೆತ್ತಗೆ, ಘಮಘಮ ಅಂತ ಬರುತ್ತದೆ. ಅದೇ ಅಳತೆಯನ್ನು ಮೂರು ಪಟ್ಟು ಮಾಡಿದರೆ ಬಾಣಲೆ ತಳದಲ್ಲಿ ಹಳದಿ ನೀರು ನಿಲ್ಲುತ್ತದೆ, ಮೊಟ್ಟೆ ರಬ್ಬರಿನಂತಾಗುತ್ತದೆ.

ನಾಲ್ಕು ಮೊಟ್ಟೆಗೆ 2 ದೊಡ್ಡ ಚಮಚ ಎಣ್ಣೆ, ಸಣ್ಣಗೆ ಹೆಚ್ಚಿದ 2 ಈರುಳ್ಳಿ, 3 ಹಸಿಮೆಣಸಿನಕಾಯಿ, ಕರಿಬೇವು, 1 ಟೊಮ್ಯಾಟೊ, ಕಾಲು ಚಮಚ ಅರಿಶಿನ, ಅರ್ಧ ಚಮಚ ಉಪ್ಪು. ಈರುಳ್ಳಿಯ ಅಂಚು ಕೆಂಪಗಾದ ಮೇಲೆ ಟೊಮ್ಯಾಟೊ ಹಾಕಿ, ಎಣ್ಣೆ ಬಿಡುವ ತನಕ ಬಾಡಿಸುವುದು. ರುಚಿ ಕೂಡುವುದೇ ಇಲ್ಲಿ, ಅವಸರ ಮಾಡಬಾರದು. ಉಪ್ಪು ಹಾಕಿ ಕದಡಿದ ಮೊಟ್ಟೆಯನ್ನು 10 ನಿಮಿಷ ಬಿಟ್ಟು, ಸಣ್ಣ ಉರಿಯಲ್ಲಿ ಸುರಿದು, 20 ಸೆಕೆಂಡ್ ಮುಟ್ಟದೆ, ಆಮೇಲೆ ಸಟ್ಟುಗದಿಂದ ತಳ ಕೆರೆಯುತ್ತಾ ಮಗುಚುವುದು. ಮೇಲೆ ಒದ್ದೆ ಹೊಳಪು ಇರುವಾಗಲೇ ಒಲೆ ಆರಿಸಬೇಕು; ಉಳಿದದ್ದು ಬಾಣಲೆಯ ಕಾವಿಗೇ ಬೇಯುತ್ತದೆ. ಕೊನೆಗೆ ಕಾಳುಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು.

ಮೊಟ್ಟೆ ಹೆಚ್ಚು ಬೆಂದರೆ ಅದರ ಪ್ರೋಟೀನ್ ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹಾಕುತ್ತದೆ, ಅದು ಗೊತ್ತು. 12 ಮೊಟ್ಟೆಯಲ್ಲಿ ಮೇಲಿನದು ಹಸಿ ಇರುವಾಗಲೇ ತಳದ್ದು ಬೆಂದು ಗಟ್ಟಿಯಾಗುತ್ತಿದೆ ಅನ್ನುವುದು ನನ್ನ ಅನುಮಾನ. ಜೊತೆಗೆ ಆರು ಈರುಳ್ಳಿ ಒಟ್ಟಿಗೆ ಬಿದ್ದರೆ ಹುರಿಯುವುದಿಲ್ಲ, ತನ್ನದೇ ಹಬೆಯಲ್ಲಿ ಬೇಯುತ್ತದೆ.

ಹೆಚ್ಚು ಜನಕ್ಕೆ ಮಾಡುವವರು ದಯವಿಟ್ಟು ತಿಳಿಸಿ: ಈರುಳ್ಳಿ-ಟೊಮ್ಯಾಟೊ ಬೇರೆಯಾಗಿ ಬಾಡಿಸಿಟ್ಟು, ಮೊಟ್ಟೆಯನ್ನು ಎರಡು ಸಲ ಮಾಡಿ ಬೆರೆಸುತ್ತೀರಾ? ಅಗಲವಾದ ದೋಸೆ ಕಾವಲಿಯಲ್ಲಿ ಒಂದೇ ಸಲಕ್ಕೆ ಆಗುತ್ತದಾ? ಟೊಮ್ಯಾಟೊ ಎಷ್ಟಕ್ಕೆ ಇಳಿಸಬೇಕು? ಸೋನಾಮಸೂರಿ ಅನ್ನಕ್ಕೂ ಚಪಾತಿಗೂ ಹೊಂದಬೇಕು, ಹಾಗಾಗಿ ತೀರಾ ಒಣಗಿಸುವ ಉಪಾಯ ಬೇಡ.