ಬಾಣ ಎಂದರೆ ಅಂಬೋ, ರಾಕೆಟ್ಟೋ?

ಬಲ್ಲವರಿಗೆ ನಮಸ್ಕಾರ. ಒಂದೇ ಒಂದು ಪದದ ತೊಡಕಿನಿಂದ ನನ್ನ ಕಾದಂಬರಿ ತಿಂಗಳಿಂದ ಐದನೆಯ ಅಧ್ಯಾಯ ದಾಟಿಲ್ಲ.

ಕಥೆ ನಡೆಯುವುದು ಕಲ್ಪಿತ ಲೋಕದಲ್ಲಿ. ಅಲ್ಲಿನ ಮಲೆರಾಜ್ಯಕ್ಕೆ ಹೈದರ್, ಟಿಪ್ಪು ಕಾಲದ ಮೈಸೂರು ಸೈನ್ಯವೇ ಮಾದರಿ. ಮಂತ್ರವಿಲ್ಲ, ಮಾಯೆಯಿಲ್ಲ. ಬಯಲಿನಿಂದ ಏರಿ ಬರುವ ಕುದುರೆ ದಂಡನ್ನು ತಡೆಯಲು ಅವರಿಗಿರುವುದು ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿನ ಗಳಕ್ಕೆ ಬಿಗಿದು ಹಾರಿಸುವ ಆಯುಧ. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಮೇಲೆ ಹಾರಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಆಯುಧತಜ್ಞ ವಿಲಿಯಂ ಕಾಂಗ್ರೀವನ ಕೈಯಲ್ಲಿ ಹೊಸ ರೂಪ ಪಡೆದದ್ದು ಅದೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಅವೇ.

ಅದಕ್ಕೆ ಆಗಿನ ಹೆಸರು ‘ಬಾಣ’. ಮೊಗಲರ ಫಾರಸಿಯಲ್ಲೂ ‘ಬಾನ್’. ನಾನೂ ಹಾಗೆಯೇ ಬರೆದೆ: “ದಿಬ್ಬದ ಮೇಲಿನಿಂದ ಐವತ್ತು ಬಾಣಗಳು ಹಾರಿದವು. ಕುದುರೆಗಳು ಸವಾರರನ್ನು ಕೆಡವಿ ದಿಕ್ಕಾಪಾಲಾದವು.” ಓದಿದ ಗೆಳೆಯ ಕೇಳಿದ, “ಐವತ್ತೇ ಬಾಣಕ್ಕೆ ಇಷ್ಟೊಂದು ಗಲಾಟೆಯೇ?” ಅವನ ಕಣ್ಣಿಗೆ ಕಂಡದ್ದು ಬಿಲ್ಲು, ಬತ್ತಳಿಕೆ. ಇದು ಬರೀ ಹೆಸರಿನ ಮಾತಲ್ಲ. ಬಿಲ್ಲಿನ ಬಾಣ ಒಬ್ಬನನ್ನು ಹುಡುಕಿಕೊಂಡು ಹೋಗುತ್ತದೆ. ಮದ್ದಿನ ಬಾಣಕ್ಕೆ ಅಂಥ ಗುರಿಯಿಲ್ಲ, ಅದು ಗುಂಪನ್ನು ಕೆದರುತ್ತದೆ. ಪದ ತಪ್ಪಿದರೆ ನನ್ನ ಇಡೀ ಯುದ್ಧತಂತ್ರವೇ ಓದುಗನಿಗೆ ತಿಳಿಯದು.

ಬೇರೆ ಪದಗಳನ್ನು ಹುಡುಕಿದ್ದಾಯಿತು. ‘ರಾಕೆಟ್’ ಎಂದೊಡನೆ ಶ್ರೀಹರಿಕೋಟಾ. ‘ಕ್ಷಿಪಣಿ’ ಎಂದರೆ ಬೆಳಗಿನ ಪತ್ರಿಕೆಯ ಮುಖಪುಟ. ‘ಅಗ್ನಿಬಾಣ’ ಎಂದರೆ ಕುರುಕ್ಷೇತ್ರ. ಮುಂದಿನ ಸಾಲಿನಲ್ಲಿ ವರುಣಾಸ್ತ್ರ ಬರಲೇಬೇಕು. ಜಾತ್ರೆಯ ‘ಬಾಣಬಿರುಸು’ ಹತ್ತಿರದ್ದು, ಆದರೆ ಅದರಲ್ಲಿ ಹಬ್ಬದ ವಾಸನೆಯಿದೆ. ‘ಬಿರುಸು’ ಒಂದನ್ನೇ ಇಟ್ಟುಕೊಳ್ಳೋಣವೆಂದರೆ ‘ಬಿರುಸಿನ ಮತದಾನ’ ಅಡ್ಡ ಬರುತ್ತದೆ. (ಪತ್ರಿಕೆಗಳು ಯುದ್ಧದ ಪದಗಳನ್ನೆಲ್ಲ ಹೀಗೆಯೇ ಸವೆಸಿವೆ. ಮಾವು ಮಾರುಕಟ್ಟೆಗೆ ‘ಲಗ್ಗೆ’ ಇಡುತ್ತದೆ, ಸಚಿವರ ಮನೆಗೆ ‘ಮುತ್ತಿಗೆ’ ಬೀಳುತ್ತದೆ. ಕೋಟೆಗೆ ನಾನು ಏನು ಹಾಕಲಿ? ‘ದಂಡು’ ಪ್ರವಾಸಿಗರ ಪಾಲಾಗಿದೆ. ಸೇನೆಯ ನೆನಪು ಉಳಿದಿರುವುದು ಬೆಂಗಳೂರು ದಂಡು ರೈಲು ನಿಲ್ದಾಣದ ಫಲಕದಲ್ಲಿ.)

ಕೊನೆಗೆ ಹೊಳೆದ ದಾರಿ ಇದು: ‘ಬಾಣ’ವನ್ನು ಪೂರ್ತಿ ಮದ್ದಿನ ಆಯುಧಕ್ಕೇ ಬಿಟ್ಟುಕೊಟ್ಟು, ಬಿಲ್ಲಿನಿಂದ ಹೋಗುವುದನ್ನು ಎಲ್ಲ ಕಡೆ ‘ಅಂಬು’ ಎನ್ನುವುದು. ‘ಸರಳು’ ಎಂಬುದೂ ಹಳೆಯ ಪದವೇ, ಆದರೆ ಇಂದಿನ ಓದುಗನಿಗೆ ಅದು ಕಿಟಕಿಯ ಕಂಬಿ. ಕ್ರಿಯಾಪದವನ್ನೂ ಬೇರೆ ಮಾಡಬಹುದು: ಅಂಬನ್ನು ‘ಎಸೆಯಲಿ’ ಅಥವಾ ‘ಬಿಡಲಿ’, ಬಾಣವನ್ನು ‘ಹೊತ್ತಿಸಲಿ’. “ಐವತ್ತು ಬಾಣ ಹೊತ್ತಿಸಿದರು” ಎಂದರೆ ಬಿಲ್ಲು ತಾನಾಗಿಯೇ ಕಣ್ಣಿನಿಂದ ಮರೆಯಾಗುತ್ತದೆ ಎಂದು ನನ್ನ ಲೆಕ್ಕ. ಗೆಳೆಯನಿಗೆ ಇನ್ನೂ ತೋರಿಸಿಲ್ಲ.

ಉಳಿದದ್ದು ಅದನ್ನು ಹೊತ್ತಿಸುವವನ ಹೆಸರು. ‘ಬಾಣಗಾರ’ ಎಂದರೆ ಬಾಣ ಮಾಡುವವನೋ, ಬಿಡುವವನೋ? ಬಳೆಗಾರ ಬಳೆ ಮಾರುತ್ತಾನೆ, ಬೇಟೆಗಾರ ಬೇಟೆಯಾಡುತ್ತಾನೆ; ‘-ಗಾರ’ ಎರಡಕ್ಕೂ ಒಗ್ಗುವ ಪ್ರತ್ಯಯ. ಕಿಲ್ಲೇದಾರ, ಜಮಾದಾರರ ಸಾಲಿನಲ್ಲಿ ‘ಬಾಣದಾರ’ ಚೆನ್ನಾಗಿ ಕೂರುತ್ತದೆ, ಹೈದರನ ಕಾಲದ ಕಚೇರಿಯ ಗಾಳಿಯೂ ಅದರಲ್ಲಿದೆ. ಆದರೆ ನನ್ನ ಮಲೆರಾಜ್ಯಕ್ಕೆ ಫಾರಸಿ ಬಂದದ್ದು ಎಲ್ಲಿಂದ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಲಾವಣಿಯಲ್ಲೋ, ಊರಿನ ಹಳೆಯ ವೃತ್ತಾಂತ ಹೇಳುವ ಕೈಫಿಯತ್ತಿನಲ್ಲೋ, ನಿಮ್ಮ ಊರಿನ ಜಾತ್ರೆಯಲ್ಲಿ ಮದ್ದು ಸುಡುವವರ ಬಾಯಲ್ಲೋ ಈ ಕೆಲಸದವನಿಗೆ ಬೇರೆ ಹೆಸರು ಕೇಳಿದ್ದರೆ ದಯವಿಟ್ಟು ತಿಳಿಸಿ. ಯಾವ ಸೀಮೆಯಲ್ಲಿ ಕೇಳಿದ್ದು ಎಂಬುದನ್ನೂ ಬರೆಯಿರಿ.