ಅಪ್‌ಡೇಟ್: ಚಿಕ್ಕಮಗಳೂರು ಪೇಟೆಗೆ ಅರ್ಧ ದಿನ ಸಾಕಾ?

ಮುಳ್ಳಯ್ಯನಗಿರಿ ಹತ್ತುವ ಮುಂಚೆ ಪೇಟೆ ಸುತ್ತೋಕೆ ಅರ್ಧ ದಿನ ಸಾಕಾ ಅಂತ ಕೇಳಿದ್ದೆ. ಸಾಕು, ಆದ್ರೆ ಹಿರೇಮಗಳೂರು ಮೊದಲು. ಊರಿಗೆ ಅಂಟಿಕೊಂಡಿರೋ ಅಲ್ಲಿನ ಕೋದಂಡರಾಮ ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತೆ, ಪೇಟೆ ಹಾಕಲ್ಲ. ಇಲ್ಲಿ ಸೀತೆ ನಿಂತಿರೋದು ರಾಮನ ಬಲಕ್ಕೆ. ಪೂಜೆಯ ಮಂತ್ರ ಕನ್ನಡದಲ್ಲೇ.

ಪೇಟೆಯ ಎಂ.ಜಿ. ರಸ್ತೆಗೆ ಕಾರು ನುಗ್ಗಿಸಬೇಡಿ, ಅಡ್ಡರಸ್ತೆಯಲ್ಲಿ ನಿಲ್ಲಿಸಿ ನಡೀರಿ. ಕಾಫಿಪುಡಿ ಕೊನೆಗೆ ತಗೊಳ್ಳಿ, ಬಿಸಿಲಿಗೆ ಕಾದ ಕಾರಲ್ಲಿ ಘಮ ಹೋಗುತ್ತೆ. ಚಿಕೋರಿ (ಕಾಫಿಗೆ ಬೆರೆಸೋ ಹುರಿದ ಬೇರಿನ ಪುಡಿ) ಎಷ್ಟು, ಪುಡಿ ಎಷ್ಟು ನುಣ್ಣಗೆ ಅನ್ನೋದನ್ನ ಮೊದಲೇ ಹೇಳಿಬಿಡಿ. 80:20 ಅಂದ್ರೆ ಕೆ.ಜಿ.ಗೆ 200 ಗ್ರಾಂ ಚಿಕೋರಿ. ತೀರಾ ನುಣ್ಣಗಾದ್ರೆ ಫಿಲ್ಟರ್ ಕಟ್ಟಿಕೊಂಡು ಡಿಕಾಕ್ಷನ್ ಇಳಿಯೋದೇ ಇಲ್ಲ; ರವೆ ಥರ ತರಿಯಾದ್ರೆ ನೀರು ಸರ್ರನೆ ಇಳಿದು ತೆಳ್ಳಗಾಗುತ್ತೆ. ಚಿಕೋರಿ ಬೇಡವೇ ಬೇಡ ಅನ್ನೋರು ಪುಡಿ ಸ್ವಲ್ಪ ಜಾಸ್ತಿ ಹಾಕಿ, ಇಲ್ಲಾಂದ್ರೆ ಹಾಲಿಗೆ ಬಣ್ಣವೇ ಹಿಡಿಯಲ್ಲ.